ಉಪ್ಪು ನೋಡಿದವಳು

ಶುಬ್ರಾ, ಕೈರೋ
20 ಜನವರಿ 1996

ಪ್ರೀತಿಯ ನೇಮತ್‌ಗೆ ಸಲಾಂ,

ಬಂದು ಮುಟ್ಟಿದೆ. ಮಗಳು ಸೌಸನ್‌ಳ ಮನೆ ನಾಲ್ಕನೇ ಮಹಡಿ, ನನ್ನನ್ನು ಅಕ್ಕಿ ಮೂಟೆಯಂತೆ ಹೊತ್ತು ಹತ್ತಿಸಿದರು. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಬೇಗ ಮಾಯುವುದಿಲ್ಲವಂತೆ. ರಮ್ಜಾನ್ ಮುಗಿಯುವ ತನಕ ಇಲ್ಲೇ ಇದ್ದು ದಿನಾ ಪಟ್ಟಿ ಕಟ್ಟಿಸಿಕೊಳ್ಳಬೇಕು ಎಂದು ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟರು. ಫೋನ್ ಮಾಡಲು ಹೋಗಬೇಡ. ಫೋನು ಇರುವುದು ನಡುಮನೆಯಲ್ಲಿ, ಅಳಿಯ ಮಮ್ದೂಹ್‌ನ ಕಿವಿಯ ಪಕ್ಕದಲ್ಲೇ. ಬರೆ.

ಹದಿನೈದು ವರ್ಷದಲ್ಲಿ ಮೊದಲ ಸಲ ನಮ್ಮ ಅನ್ಫೂಶಿಯ ಇಫ್ತಾರ್ ಪಂಕ್ತಿ ನಾನಿಲ್ಲದೆ ನಡೆಯುತ್ತಿದೆ. ನಾಡಿದ್ದು ಸಂಜೆ ಮೀನುಪೇಟೆಯ ಹಮಾಲರು, ದೋಣಿಯವರು, ಟ್ರಾಮ್ ತಪ್ಪಿಸಿಕೊಂಡವರು ಎಲ್ಲರೂ ಬಂದು ಕುಳಿತಾಗ ಹಂಡೆಯ ಮುಂದೆ ನಾನಿರುವುದಿಲ್ಲ. ನೆನೆಸಿಕೊಂಡರೆ ಅನ್ನ ಇಳಿಯುವುದಿಲ್ಲ. ಹೋಗಲಿ, ಹೇಳುವುದನ್ನು ಕೇಳು.

ಡೇರೆಯ ಬಾಗಿಲಿಗೆ ನಮ್ಮನೆಯವರು ಶಾಕಿರ್ ಬರೆದ ಹಲಗೆಯನ್ನೇ ಹಾಕು, ಹೊಸದು ಬೇಡ. "ಬಿಡುವಿದ್ದವರು ಕೆಲಸಕ್ಕೆ ಬನ್ನಿ, ಊರವರಾದರೂ ಸರಿ, ಊರು ನೋಡಲು ಬಂದವರಾದರೂ ಸರಿ" ಎಂದು ಎಷ್ಟು ಚೆಂದ ಬರೆದಿದ್ದರು. ಬಣ್ಣ ಹೋಗಿದ್ದರೆ ಹೋಗಲಿ, ಅವರ ಕೈಬರಹ ಇರಲಿ. ಬಂದವರು ಯಾರೇ ಆಗಲಿ, ಮೊದಲ ವಾರ ಪಾತ್ರೆ ತೊಳೆಯಬೇಕು. ಆಮೇಲೆ ಈರುಳ್ಳಿ. ಸೌಟು ಮಾತ್ರ ಮೊದಲ ವರ್ಷ ಯಾರ ಕೈಗೂ ಹೋಗಕೂಡದು. ನನ್ನ ಸೌಟಿಗೆ ನೀಲಿ ಬಟ್ಟೆ ಸುತ್ತಿ ಗಂಟು ಹಾಕಿ ಬಂದಿದ್ದೇನೆ. ಬಿಚ್ಚುವವಳು ನೀನು, ಕಟ್ಟುವವಳೂ ನೀನೇ.

ಉಪ್ಪು ನೀನೇ ಹಾಕು. ನಾಲಿಗೆಯ ತುದಿಗೆ ತಾಗಿಸಿ ಉಗುಳಬಹುದು ಎಂದು ಮಸೀದಿಯ ಶೇಖ್ ಹೇಳಿಯೇ ಹೇಳುತ್ತಾರೆ. ನಾನು ಒಂದು ದಿನವೂ ಅದನ್ನು ಮಾಡಿದವಳಲ್ಲ. ನನ್ನ ಕೈಯೇ ನನ್ನ ನಾಲಿಗೆ ಎಂದು ನಿನಗೆ ಗೊತ್ತು. ನನ್ನ ಕೈ ಹಾಕುವುದನ್ನು ಇಷ್ಟು ವರ್ಷ ನೋಡಿದ್ದೀಯ, ಹಾಗೇ ಹಾಕು.

ನಿನ್ನ
ಬಹೀಗಾ


ಅನ್ಫೂಶಿ, ಅಲೆಕ್ಸಾಂಡ್ರಿಯಾ
27 ಜನವರಿ 1996

ಬಹೀಗಾ,

ನಿನ್ನ ಕಾಗದ ಓದಿ ನಕ್ಕೆ. ನಮ್ಮ ಪಂಕ್ತಿಗೆ ಕಳೆ ಇಲ್ಲ ಕಣೇ. ಬೈಯುವವರಿಲ್ಲದೆ ಹುಡುಗರೆಲ್ಲ ನೆಟ್ಟಗೆ ಕೆಲಸ ಮಾಡುತ್ತಿದ್ದಾರೆ, ಅದೇ ವಿಚಿತ್ರ.

ಮೊದಲ ದಿನವೇ ಸಮುದ್ರದ ಬಿರುಗಾಳಿ ಎದ್ದು ಡೇರೆಯ ಒಂದು ಮಗ್ಗುಲು ಹಾರಿತು. ಗಾಬಿರ್ ಮಾಮ ತನ್ನ ಮೀನಿನ ಹಗ್ಗ ತಂದು ಬಿಗಿದು ಕಟ್ಟಿದ. ಹಲಗೆ ನೋಡಿಕೊಂಡು ಈ ಸಲ ಹೊರಗಿನವರು ತುಂಬಾ ಬರುತ್ತಿದ್ದಾರೆ. ಸೂಡಾನಿನ ಒಬ್ಬ ವಿದ್ಯಾರ್ಥಿ ದಿನಾ ರೊಟ್ಟಿ ಹೊರುತ್ತಾನೆ. ಕೋಟೆ ನೋಡಲು ಬಂದ ಫ್ರಾನ್ಸಿನ ಹುಡುಗಿಯರಿಬ್ಬರು ಕೋಟೆ ಮರೆತು ಸಂಜೆಯವರೆಗೆ ಹಂಡೆ ಉಜ್ಜಿ ಹೋದರು.

ಇನ್ನೊಂದು ಸುದ್ದಿ. ಕತೀನಾ ಬಂದಿದ್ದಾಳೆ! ನಿನಗೆ ಅವಳ ಪರಿಚಯವಿಲ್ಲ, ನೀನು ನಮ್ಮ ಬೀದಿಗೆ ಸೊಸೆಯಾಗಿ ಬರುವ ಮೊದಲೇ ಹೋದವಳು. ನಮ್ಮ ಎದುರು ಮನೆಯ ಗ್ರೀಕರ ಹುಡುಗಿ. ಅವರಪ್ಪನದು ಮೂಲೆಯ ದಿನಸಿ ಅಂಗಡಿ. ನಾವಿಬ್ಬರೂ ಒಂದೇ ಮೆಟ್ಟಿಲ ಮೇಲೆ ಆಡಿ ಬೆಳೆದವರು. ಅರವತ್ತೊಂದರಲ್ಲಿ ಅಂಗಡಿ ಮಾರಿ ಗ್ರೀಸಿನ ಪಿರೇಯಸ್‌ಗೆ ಹೋದರು. ತಾಯಿಯ ಗೋರಿಗೆ ಹೂವಿಡಲು ಬಂದವಳು ನಮ್ಮ ಡೇರೆ ನೋಡಿ ಒಳಗೆ ಬಂದಳು, ನನ್ನನ್ನು ನೋಡಿದಳು, "ನೌನಾ!" ಅಂತ ನನ್ನ ಚಿಕ್ಕಂದಿನ ಹೆಸರು ಕೂಗಿದಳು. ಇಬ್ಬರೂ ಈರುಳ್ಳಿ ಬುಟ್ಟಿಯ ಪಕ್ಕದಲ್ಲಿ ಅತ್ತೆವು. ಜನ ಈರುಳ್ಳಿಗೆ ಅಳುತ್ತಿದ್ದೇವೆ ಅಂದುಕೊಂಡರು. ಈಗ ನನ್ನ ಮನೆಯಲ್ಲೇ ಇದ್ದಾಳೆ, ಹಬ್ಬದ ತನಕ ಇರುತ್ತಾಳೆ.

ಮೂರನೆಯ ದಿನ ಅವಳು ಹಂಡೆಯ ಹತ್ತಿರ ನಿಂತು "ಉಪ್ಪು ಯಾರು ನೋಡ್ತಾರೆ?" ಎಂದಳು.

"ಯಾರೂ ನೋಡಲ್ಲ ಕಣೇ, ಎಲ್ರೂ ಉಪವಾಸ ಅಲ್ವಾ."

"ನಾನೇನು ಉಪವಾಸನಾ? ಕೊಡು ಇಲ್ಲಿ ಚಮಚ."

ಅಂದಿನಿಂದ ಅವಳೇ ನೋಡುತ್ತಾಳೆ. ಸುಲಭವಾಯಿತು. ನಿನ್ನ ಕಾಲು ಹೇಗಿದೆ? ಉಪವಾಸದಲ್ಲಿ ನಿಶ್ಶಕ್ತಿ ಆಗುತ್ತಿಲ್ಲ ತಾನೆ?

ನಿನ್ನ
ನೇಮತ್


ಶುಬ್ರಾ
31 ಜನವರಿ 1996

ನೇಮತ್,

ನನ್ನ ಉಪವಾಸ ಚೆನ್ನಾಗಿ ನಡೆಯುತ್ತಿದೆ. ನಿನ್ನೆ ಎಲ್ಲರೂ ನನ್ನನ್ನು ನೋಡಿ ನಕ್ಕರು. ರೇಡಿಯೊದಲ್ಲಿ ಸಂಜೆಯ ಬಾಂಗ್ ಆಯಿತು, ಎಲ್ಲರೂ ಖರ್ಜೂರ ಬಾಯಿಗೆ ಹಾಕಿಕೊಂಡರು. ನಾನು ಖರ್ಜೂರ ಕೈಯಲ್ಲಿ ಹಿಡಿದು ಕುಳಿತೇ ಇದ್ದೆ. "ಅತ್ತೆ, ಯಾರಿಗೆ ಕಾಯ್ತಾ ಇದ್ದೀರಿ?" ಎಂದು ಮಮ್ದೂಹ್ ಕೇಳಿದ. ಆಮೇಲೆ ಹೊಳೆಯಿತು. ನಮ್ಮೂರಲ್ಲಿ ರೇಡಿಯೊದಲ್ಲಿ ಕೈರೋದ ಬಾಂಗ್ ಆದ ಮೇಲೂ ನಮ್ಮ ಸೂರ್ಯ ಮುಳುಗಲಿ ಎಂದು ಇನ್ನಷ್ಟು ಹೊತ್ತು ಕಾಯುತ್ತೇವಲ್ಲ. ನಾನು ಕೈರೋದಲ್ಲಿ ಕುಳಿತು ಅಲೆಕ್ಸಾಂಡ್ರಿಯಾದ ಸೂರ್ಯನಿಗೆ ಕಾಯುತ್ತಿದ್ದೆ! ಅಷ್ಟು ಹೊತ್ತು ನನ್ನ ಕಣ್ಣ ಮುಂದೆ ನಮ್ಮ ಡೇರೆಯೇ ಇತ್ತು. ಆ ಡೇರೆಯಲ್ಲಿ ಹಂಡೆಯ ಮುಂದೆ ಈಗ ಯಾರೋ ನಿಂತಿದ್ದಾಳೆ.

ಮೂರನೆಯ ದಿನಕ್ಕೇ ಹಂಡೆಗೆ ಬಂದಳಾ? ಪಾತ್ರೆ ತೊಳೆಯುವ ವಾರ ಎಲ್ಲಿ ಹೋಯಿತು? ಗ್ರೀಕರ ಮಗಳಿಗೆ ಬೇರೆ ನಿಯಮವೋ? ನೀಲಿ ಬಟ್ಟೆ ಬಿಚ್ಚಿದವರು ಯಾರು, ಅದನ್ನು ನೀನು ಬರೆಯಲಿಲ್ಲ. ನಾನು ಕೇಳಬಾರದು ಎಂದುಕೊಂಡೆ, ಆದರೂ ಕೇಳುತ್ತಿದ್ದೇನೆ.

ಮೂವತ್ತು ವರ್ಷ ನಿನ್ನ ಜೊತೆ ಒಂದೇ ಮೊರದಲ್ಲಿ ಅಕ್ಕಿ ಆರಿಸಿದವಳು ನಾನು. ನಿನ್ನ ಹೆರಿಗೆಗೆ ಹಾಸಿಗೆ ಹಾಸಿದವಳು, ನಿನ್ನ ಗಂಡನ ಜೊತೆ ಜಗಳವಾಡಿ ನಿನ್ನ ಬಳೆ ವಾಪಸ್ಸು ತಂದವಳು. ನನಗೆ 'ನೌನಾ' ಎಂಬ ಹೆಸರು ಗೊತ್ತೇ ಇರಲಿಲ್ಲ. ಅದನ್ನು ಎಲ್ಲಿ ಮುಚ್ಚಿಟ್ಟಿದ್ದೆ?

ಅವಳು ಯಾವ ಕೋಣೆಯಲ್ಲಿ ಮಲಗುತ್ತಾಳೆ? ಕಿಟಕಿ ಕೋಣೆಯಲ್ಲಿ ಮಾತ್ರ ಅಲ್ಲ ತಾನೆ? ಶಾಕಿರ್ ಹೋದ ಮೇಲೆ ಆ ನಲವತ್ತು ದಿನ ನಾನು ಮಲಗಿದ್ದು ಅಲ್ಲಿ.

ಬಹೀಗಾ


ಅನ್ಫೂಶಿ
4 ಫೆಬ್ರವರಿ 1996

ಅಮ್ಮಾ ತಾಯಿ,

ಅವಳು ಕಿಟಕಿ ಕೋಣೆಯಲ್ಲೇ ಮಲಗುತ್ತಾಳೆ. ಇನ್ನೊಂದರಲ್ಲಿ ನನ್ನ ಸೊಸೆ ಇದ್ದಾಳೆ, ಅವಳನ್ನು ಬಾಲ್ಕನಿಯಲ್ಲಿ ಹಾಕಲೇ? ನೀಲಿ ಬಟ್ಟೆ ಬಿಚ್ಚಿದ್ದು ನಾನು. ಸೌಟು ಹಿಡಿಯುವವಳು ಅವಳು. ನನ್ನ ಭುಜ ನಿನಗೆ ಗೊತ್ತಲ್ಲ, ಮೇಲೆತ್ತಲು ಆಗುವುದಿಲ್ಲ. ನಿನಗೆ ಹೊಟ್ಟೆ ಉರಿಯುತ್ತಿದ್ದರೆ ಉರಿಯಲಿ, ಚಳಿಗಾಲ, ಬೆಚ್ಚಗಾಗುತ್ತದೆ.

ತಮಾಷೆ ಹಾಗಿರಲಿ. ಅವಳು ನಿನ್ನಂತೆಯೇ ಕಣೇ, ಸುಮ್ಮನೆ ಕೂರುವವಳಲ್ಲ. ಸರತಿಯಲ್ಲಿ ನುಗ್ಗಿದವರಿಗೆ ಸೌಟು ತೋರಿಸುತ್ತಾಳೆ. ಅರಬ್ಬಿ ಮರೆತಿದ್ದಾಳೆ, ಬೈಗುಳ ಮಾತ್ರ ಒಂದೂ ಮರೆತಿಲ್ಲ. ಗಂಡ ಸತ್ತು ಮೂರು ವರ್ಷವಾಯಿತಂತೆ. ಪಿರೇಯಸ್‌ನಲ್ಲಿ ಮಗನ ಮನೆಯಲ್ಲಿ ಇವಳಿಗೆ ಮಾಡಲು ಕೆಲಸವೇ ಇಲ್ಲ. "ಇಲ್ಲಿ ಬಂದ್ಮೇಲೆ ನನ್ನ ಕೈಗೆ ಜೀವ ಬಂತು ನೌನಾ" ಅಂತಾಳೆ.

ನಿನ್ನೆ ಬಿಳಿ ಅವರೆಯ ಸಾರು. ಗಾಬಿರ್ ಮಾಮ ಎರಡು ಸಲ ಹಾಕಿಸಿಕೊಂಡ. ತನ್ನ ಉಪ್ಪಿನಕಾಯಿ ಬಾಟಲಿ ತೆಗೆಯಲೇ ಇಲ್ಲ! "ಈ ವರ್ಷ ನಮ್ಮ ಪಂಕ್ತಿಗೆ ರುಚಿ ಬಂತು ಕಣ್ರಮ್ಮ" ಎಂದ. ಸುತ್ತಲಿನವರೆಲ್ಲ ಹೂಂಗುಟ್ಟಿದರು. ಕತೀನಾ ನಾಚಿ ಕೆಂಪಾದಳು.

ಗಾಯದ ಬಗ್ಗೆ ಏನೂ ಬರೆಯಲಿಲ್ಲ ನೀನು.

ನೇಮತ್


ಶುಬ್ರಾ
8 ಫೆಬ್ರವರಿ 1996

ನೇಮತ್,

'ಈ ವರ್ಷ ರುಚಿ ಬಂತು.'

ಹಾಗಾದರೆ ಹದಿನೈದು ವರ್ಷ ಏನಿತ್ತು?

ಬಹೀಗಾ


ಅನ್ಫೂಶಿ
10 ಫೆಬ್ರವರಿ 1996

ಬಹೀಗಾ,

ಮುದುಕ ಏನೋ ಬಾಯಿಗೆ ಬಂದದ್ದು ಹೇಳಿದ, ನಾನು ಮಂಕು ಅದನ್ನು ಬರೆದೆ. ಬಿಟ್ಟುಬಿಡು. ಕಾಲು ನೋಡಿಕೋ. ಸೌಸನ್‌ಗೆ ಹೇಳಿ ಕುನಾಫಾ ಸಿಹಿ ಮಾಡಿಸಿಕೋ, ಸಕ್ಕರೆ ಕಡಿಮೆ ಹಾಕಿ.

ನೇಮತ್


ಶುಬ್ರಾ
13 ಫೆಬ್ರವರಿ 1996

ನೇಮತ್,

ಬಿಡುವ ಹೆಂಗಸಲ್ಲ ನಾನು ಎಂದು ನಿನಗೆ ಗೊತ್ತಿದ್ದೂ ಬಿಟ್ಟುಬಿಡು ಎಂದು ಬರೆದೆ. ನಿನ್ನ ಕಾಗದದಲ್ಲಿ 'ಇಲ್ಲ, ನಿನ್ನ ಅಡುಗೆ ಚೆನ್ನಾಗಿತ್ತು' ಎಂಬ ಒಂದು ಸಾಲನ್ನು ಹುಡುಕಿದೆ. ಹಿಂದೆ ಮುಂದೆ ತಿರುಗಿಸಿ ಹುಡುಕಿದೆ. ಇರಲಿಲ್ಲ.

ಹೊಟ್ಟೆಕಿಚ್ಚು ಎನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ಆ ಹೆಂಗಸಿನ ಮುಖ ನೋಡಿಲ್ಲ, ಆದರೂ ಕಣ್ಣು ಮುಚ್ಚಿದರೆ ಅವಳು ನನ್ನ ಸೌಟು ಹಿಡಿದು, ನಿನ್ನ ಭುಜಕ್ಕೆ ಭುಜ ತಾಗಿಸಿ ನಿಂತು ನಗುತ್ತಾಳೆ. ಅವಳ ಹಡಗು ತಪ್ಪಿದ್ದರೆ, ಅವಳಿಗೆ ಜ್ವರ ಬಂದಿದ್ದರೆ ಎಂದೆಲ್ಲ ಈ ಪವಿತ್ರ ತಿಂಗಳಲ್ಲಿ ಯೋಚಿಸಿದ್ದೇನೆ. ದೇವರು ಕ್ಷಮಿಸಲಿ, ಅಥವಾ ಸ್ವಲ್ಪ ಕಾದು ಕ್ಷಮಿಸಲಿ.

ಇಲ್ಲಿಯೂ ಬೀದಿ ಕೊನೆಯಲ್ಲಿ ಒಂದು ಪಂಕ್ತಿ ಇದೆ. ಶನಿವಾರ ಕೋಲು ಊರಿಕೊಂಡು ನಾಲ್ಕು ಮಹಡಿ ಇಳಿದು ಹೋದೆ. ನಡೆಸುವವಳು ಹಾಜಿ ದೌಲತ್, ಎರಡು ಬಾಗಿಲಿನಷ್ಟು ಅಗಲದ ಹೆಂಗಸು. ನಾನು ಅಲೆಕ್ಸಾಂಡ್ರಿಯಾದಲ್ಲಿ ಪಂಕ್ತಿ ನಡೆಸುವವಳು ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಊರು ನೋಡೋಕೆ ಬಂದೋರಾ? ಸಂತೋಷ. ಆ ಮಕ್ಕಳ ಜೊತೆ ಕೂತು ಬಟ್ಟಲಿಗೆ ಖರ್ಜೂರ ಹಾಕಮ್ಮಾ" ಎಂದಳು. ನನಗೆ! ಖರ್ಜೂರ! ಹಾಕಿದೆ. ಮಕ್ಕಳು ನನಗಿಂತ ಬೇಗ ಹಾಕುತ್ತಿದ್ದರು.

ಹೀಗೆ ಮಾಡಿದರೆ ಅವರೆ ಬೇಗ ಬೇಯುತ್ತದೆ, ಹಾಗೆ ಮಾಡಿದರೆ ಅನ್ನ ಉದುರಾಗುತ್ತದೆ ಎಂದು ಕುಳಿತಲ್ಲಿಂದಲೇ ಹೇಳುತ್ತಿದ್ದೆ. ನಿನ್ನೆ ಅವಳಿಗೆ ರೇಗಿತು. "ಅಷ್ಟೆಲ್ಲ ಗೊತ್ತಿದ್ರೆ ಇವತ್ತು ನೀನೇ ಮಾಡಮ್ಮ ನೋಡೋಣ!" ಎಂದು ಸೌಟು ಚಾಚಿದಳು. ಕಾಲು ನೋವು ಎಲ್ಲಿ ಹೋಯಿತೋ. ಬಿಳಿ ಅವರೆಯ ಸಾರು ಮಾಡಿದೆ, ನಮ್ಮಲ್ಲಿ ಮಾಡಿದ ಹಾಗೇ. ಉಪ್ಪು ನನ್ನ ಕೈ ಅಳತೆ.

ಈಗ ನಿನಗೆ ಹೇಳದೆ ಇದ್ದದ್ದನ್ನು ಹೇಳುತ್ತೇನೆ. ನಾನು ಉಪವಾಸ ಮಾಡುತ್ತಿಲ್ಲ. ಮೊದಲ ದಿನವೇ ಡಾಕ್ಟರು ಬೇಡ ಎಂದರು, ಈ ವರ್ಷ ಮಾತ್ರವಲ್ಲ, ಇನ್ನು ಯಾವತ್ತೂ. ಮಧ್ಯಾಹ್ನ ಮಾತ್ರೆಯ ಜೊತೆ ರೊಟ್ಟಿ ತಿನ್ನುತ್ತೇನೆ, ಬಾಗಿಲು ಹಾಕಿಕೊಂಡು. ಬಿಡಲು ಉಪವಾಸವೇ ಇರಲಿಲ್ಲ, ಆದರೂ ಆವತ್ತು ಖರ್ಜೂರ ಹಿಡಿದು ಕಾಯುತ್ತಿದ್ದೆ. ಏಳು ವರ್ಷದ ಹುಡುಗಿಯಿಂದ ಬಿಡದೆ ಮಾಡಿದವಳು ನಾನು. ನಾಚಿಕೆಯಿಂದ ನಿನಗೂ ಬರೆಯಲಿಲ್ಲ.

ಹಾಗಾಗಿ ನಿನ್ನೆ ಹಂಡೆಯ ಹಿಂದಿನ ಪರದೆ ಸರಿಸಿ, ಬೆನ್ನು ತಿರುಗಿಸಿ, ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಪಂಕ್ತಿಯ ಸಾರನ್ನು ಹಂಡೆಯಲ್ಲಿರುವಾಗಲೇ ನಾನು ರುಚಿ ನೋಡಿದ್ದು ಅದೇ ಮೊದಲು. ಯಾವಾಗಲೂ ಎಲ್ಲರದೂ ಮುಗಿದ ಮೇಲೆ, ತಣ್ಣಗಾದದ್ದನ್ನು, ಹಸಿವಿನಲ್ಲಿ ತಿಂದವಳು. ಆಗ ಕಲ್ಲು ಕೊಟ್ಟರೂ ರುಚಿಯೇ.

ಸಪ್ಪೆ, ನೇಮತ್. ಕಾಯಿಲೆಯವರ ಗಂಜಿಯ ಹಾಗೆ ಸಪ್ಪೆ.

ಒಂದು ಹಿಡಿ ಹಾಕಿದೆ. ನೋಡಿದೆ. ಇನ್ನೊಂದು ಹಿಡಿ. ಬಾಯಲ್ಲಿ ಚಮಚ ಇರುವಾಗಲೇ ತಿರುಗಿದರೆ ದೌಲತ್ ನಿಂತಿದ್ದಳು. ನನ್ನ ಕಾಲಿನ ಪಟ್ಟಿ ನೋಡಿದಳು, ಚಮಚ ನೋಡಿದಳು. ಪರದೆಯನ್ನು ಪೂರ್ತಿ ಎಳೆದು ಮುಚ್ಚಿ ಹೋದಳು.

ಸಂಜೆ ಎಲ್ಲರೂ ಚಪ್ಪರಿಸಿ ತಿಂದರು. "ಅಲೆಕ್ಸಾಂಡ್ರಿಯಾ ಅಜ್ಜಿ, ನಾಳೇನೂ ನೀವೇ ಮಾಡಿ" ಎಂದರು. ಆಗ ದೌಲತ್‌ಳ ಮುಖ ನೋಡಿದೆ. ತುಟಿ ನಗುತ್ತಿತ್ತು, ಕೈ ಮಾತ್ರ ತಲೆವಸ್ತ್ರದ ತುದಿಯನ್ನು ಹಿಂಡುತ್ತಿತ್ತು. ಈ ತಿಂಗಳೆಲ್ಲ ನಾನು ಹೊತ್ತು ತಿರುಗಿದ ಮುಖ ಅದು. ಸೌಟನ್ನು ತೊಳೆದು ಅವಳ ಕೈಯಲ್ಲೇ ಇಟ್ಟು ಬಂದೆ.

ಈಗ ನೀನು ಹೇಳು. ನಿನ್ನ ಮೊಮ್ಮಕ್ಕಳಾಣೆ. ಹದಿನೈದು ವರ್ಷ ಸಪ್ಪೆ ಇತ್ತೇ? ಇದ್ದರೆ ಯಾಕೆ ಹೇಳಲಿಲ್ಲ? ಇಷ್ಟು ಜನ ಬಾಯಿ ಮುಚ್ಚಿಕೊಂಡು ನನಗೆ ದಾನ ಮಾಡಿದರೇ?

ಬಹೀಗಾ


ಅನ್ಫೂಶಿ
15 ಫೆಬ್ರವರಿ 1996

ಬಹೀಗಾ, ನನ್ನ ಜೀವವೇ,

ಸಪ್ಪೆ ಇತ್ತು.

ಯಾಕೆಂದು ನಿನಗೇ ಗೊತ್ತಿಲ್ಲವಲ್ಲ, ಅದೇ ನನಗೆ ಸಂಕಟ. ಶಾಕಿರ್‌ಗೆ ರಕ್ತದೊತ್ತಡ ಏರಿ ಬಿದ್ದದ್ದು ನೆನಪಿದೆಯೇ? ಡಾಕ್ಟರು ಉಪ್ಪು ಬಿಡಿಸಿದರು. ನೀನು ಒಂದು ತಿಂಗಳು ಅಡುಗೆಮನೆಯಲ್ಲಿ ಅತ್ತುಕೊಂಡು ಕೈಯನ್ನು ಪಳಗಿಸಿಕೊಂಡೆ. ಪಂಕ್ತಿ ಶುರುವಾದದ್ದು ಮರುವರ್ಷ. ಅವನು ಆ ತುದಿಯ ಕುರ್ಚಿಯಲ್ಲಿ, ಹಲಗೆಯ ಕೆಳಗೆ ಕುಳಿತು, ಎಲ್ಲರಂತೆ ಅದೇ ಹಂಡೆಯದನ್ನೇ ತಿನ್ನುತ್ತಿದ್ದ. ಇನ್ನೂರು ಜನಕ್ಕೆ ಮಾಡುತ್ತಿದ್ದೇನೆ ಎಂದು ನೀನು ಅಂದುಕೊಂಡೆ. ನಿನ್ನ ಕೈ ಒಬ್ಬನಿಗೇ ಮಾಡುತ್ತಿತ್ತು.

ಅವನಿರುವಾಗ ಯಾರು ಹೇಳುತ್ತಾರೆ? ಅವನು ಹೋದ ಮೇಲೆ ನೀನು ಮತ್ತೆ ಹಂಡೆಯ ಮುಂದೆ ನಿಂತೆ, ಅದೇ ಕೈ, ಅದೇ ಅಳತೆ. ಆ ವರ್ಷ ಗಾಬಿರ್ ಮಾಮ ಮೊದಲ ತುತ್ತು ತಿಂದು ನನ್ನ ಮುಖ ನೋಡಿದ. "ಅವಳ ಕೈ ಇನ್ನೂ ಅವನಿಗೇ ಹಾಕ್ತಾ ಇದೆ. ಹಾಕ್ಲಿ ಬಿಡಿ" ಎಂದ. ಮರುದಿನ ಮನೆಯಿಂದ ಉಪ್ಪುನೀರಿನ ಮೂಲಂಗಿ, ಗಜ್ಜರಿ ತುಂಬಿದ ಬಾಟಲಿ ತಂದ. ಪಂಕ್ತಿಗೆಲ್ಲ ಹಂಚಿದ. ಹಮಾಲರಿಗೆ ಉಪ್ಪಿನಕಾಯಿ ಎಂದರೆ ಪ್ರಾಣ ಎಂದು ನೀನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದೆ.

ದಾನ ಅಲ್ಲ ಅದು. ಹೇಳಬೇಕಿತ್ತು ಎನ್ನುತ್ತೀಯ. ನಾನಂತೂ ಹೇಳುತ್ತಿರಲಿಲ್ಲ. ಇನ್ನೂ ಹದಿನೈದು ವರ್ಷ ಸಪ್ಪೆ ತಿನ್ನುತ್ತಿದ್ದೆ.

ಕತೀನಾಗೆ ಇದೆಲ್ಲ ಗೊತ್ತಿಲ್ಲ. ಅವಳು ನಾಲಿಗೆಗೆ ಸರಿ ಕಂಡಷ್ಟು ಹಾಕಿದಳು, ಅಷ್ಟೆ. ಅವಳು ನನ್ನ ಚಿಕ್ಕಂದಿನ ಗೆಳತಿ. ನೀನು ನನ್ನ ಆಯುಷ್ಯ. ಇದನ್ನು ಕಾಗದದಲ್ಲಿ ಬರೆಸಿಕೊಂಡೆಯಲ್ಲ, ತೃಪ್ತಿಯಾಯಿತೇ?

ಉಪವಾಸದ ವಿಷಯ: ಆ ಮಾತ್ರೆ ತಪ್ಪಿಸಿದರೆ ನಾನೇ ಬಂದು ಹೊಡೆಯುತ್ತೇನೆ.

ನಿನ್ನ
ನೇಮತ್


ಶುಬ್ರಾ
17 ಫೆಬ್ರವರಿ 1996

ನೇಮತ್,

ಸೌಸನ್ ಅಳುತ್ತಿದ್ದಾಳೆ, ಡಾಕ್ಟರು ಬೈದಿದ್ದಾರೆ. ನಾನು ನಾಳೆ ಭಾನುವಾರದ ರೈಲಿಗೆ ಬರುತ್ತೇನೆ. ಈ ಕಾಗದವನ್ನು ಮಮ್ದೂಹ್‌ನ ಸ್ನೇಹಿತ ಇವತ್ತೇ ಕಾರಿನಲ್ಲಿ ತಂದುಕೊಡುತ್ತಾನೆ. ನಾನು ಬರುವುದನ್ನು ನಿನ್ನ ಕತೀನಾಗೆ ಹೇಳಬೇಡ. ಕಿಟಕಿ ಕೋಣೆ ಖಾಲಿ ಮಾಡಿಸಬೇಡ. ಮಾಡಿಸಿದರೂ ಬೇಡ ಎನ್ನುವುದಿಲ್ಲ.

ಬಹೀಗಾ


ಅನ್ಫೂಶಿ
16 ಜನವರಿ 1997

ಕತೀನಾ,

ಈ ಕಾಗದ ಬರೆಯುತ್ತಿರುವವಳು ಬಹೀಗಾ, ನೇಮತ್ ಅಲ್ಲ. ನಿನಗೆ ಅರಬ್ಬಿ ನಿಧಾನವಾಗಿ ಓದಲು ಬರುತ್ತದಂತೆ, ಆದ್ದರಿಂದ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಹೋದ ವರ್ಷ ನಾನು ಕೋಲು ಊರಿಕೊಂಡು ಡೇರೆಗೆ ಬಂದಾಗ ನೀನು ನನ್ನನ್ನು ನೋಡಿದ ಕೂಡಲೇ ಸೌಟು ಚಾಚಿದೆ. ನಾನು "ಕಾಲು ನೋವು, ನೀನೇ ಹಿಡ್ಕೋ" ಎಂದೆ. ಕಾಲು ನೋವು ಇತ್ತು, ನಿಜ. ಆದರೆ ನೀನು ಚಾಚದೆ ಇದ್ದಿದ್ದರೆ ಕಿತ್ತುಕೊಳ್ಳುತ್ತಿದ್ದೆ, ಅದೂ ನಿಜ. ಆ ಎರಡು ದಿನ ನಾನು ಶಾಕಿರ್ ಅವರ ಕುರ್ಚಿಯಲ್ಲಿ ಕುಳಿತು ನಿನ್ನ ಕೈಯದು ತಿಂದೆ. ಚೆನ್ನಾಗಿತ್ತು. ಆಗ ಹೇಳಲು ಬಾಯಿ ಬರಲಿಲ್ಲ, ಈಗ ಬರೆದಿದ್ದೇನೆ. ಎರಡನೇ ಸಲ ಬರೆಯುವುದಿಲ್ಲ.

ಈ ವರ್ಷ ನೀನಿಲ್ಲ. ಮೊದಲ ದಿನ ಹಂಡೆ ಕುದಿಯುತ್ತಿರುವಾಗ ನೇಮತ್ ನನ್ನ ಕಡೆ ನೋಡಿದಳು, ನಾನು ನೆಲದ ಕಡೆ. ಎಲ್ಲರೂ ಉಪವಾಸ. ಊರಿಗೆಲ್ಲ ಉಪವಾಸ. ನನಗೊಬ್ಬಳಿಗೆ ಇಲ್ಲ, ಅದು ನೇಮತ್‌ಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಪರದೆಯ ಹಿಂದೆ ಹೋಗಿ ನೋಡಿ ಬರಬಹುದಿತ್ತು. ಎರಡು ಹೆಜ್ಜೆ ಇಟ್ಟೆ. ಆಮೇಲೆ ನಾನೇನು ಕಳ್ಳಿಯೇ ಅನ್ನಿಸಿತು. ತಿರುಗಿ ಬಂದು, ಹಂಡೆಯ ಮುಂದೆ, ಅಷ್ಟು ಜನ ಹುಡುಗರು ನೋಡುತ್ತಿರುವಾಗ, ಚಮಚ ತುಂಬಿ ಬಾಯಿಗಿಟ್ಟು ನುಂಗಿದೆ.

ಈರುಳ್ಳಿ ಹೆಚ್ಚುತ್ತಿದ್ದವರ ಕೈಗಳು ನಿಂತವು. ನನ್ನ ಮುಖ ಹೊತ್ತಿ ಉರಿಯುತ್ತಿತ್ತು. ಆಗ ಆ ಸೂಡಾನಿನ ಹುಡುಗ, ಈ ವರ್ಷವೂ ಬಂದಿದ್ದಾನೆ, ರೊಟ್ಟಿಯ ಬುಟ್ಟಿ ಇಳಿಸಿ "ಅಜ್ಜಿ, ಹೆಂಗಿದೆ?" ಎಂದ.

"ಇನ್ನೊಂದು ಹಿಡಿ ಬೇಕು ಕಣೋ. ಆ ಡಬ್ಬಿ ಕೊಡು" ಎಂದೆ. ಕೊಟ್ಟ. ಮತ್ತೆ ಈರುಳ್ಳಿ ಹೆಚ್ಚುವ ಸದ್ದು ಶುರುವಾಯಿತು.

ನಿನ್ನ ಕೆಲಸ ಈಗ ನನ್ನದು, ಕತೀನಾ. ಇಡೀ ಪಂಕ್ತಿಗೆ ಇರುವ ಒಂದೇ ನಾಲಿಗೆ ನನ್ನದು. ನಿನಗೆ ಸ್ವಲ್ಪ ಹೊಟ್ಟೆ ಉರಿದರೆ ನನಗೇನೂ ಬೇಸರವಿಲ್ಲ.

ಆ ಸಂಜೆ ಬಾಂಗ್ ಆಯಿತು, ನಮ್ಮೂರಿನದು. ಗಾಬಿರ್ ಮಾಮ ಮೊದಲ ತುತ್ತು ತಿಂದ. ಕೈ ನಿಲ್ಲಿಸಿದ. ಬಟ್ಟಲನ್ನೇ ನೋಡಿದ. ನಾನು ಸೌಟು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತಿದ್ದೆ. "ಉಪ್ಪು ಸರಿ ಇದೆ" ಎಂದು ಮೆಲ್ಲಗೆ ಹೇಳಿದ, ಯಾವುದೋ ಸಾವಿನ ಸುದ್ದಿ ಕೇಳಿದವನ ಹಾಗೆ. ಆಮೇಲೆ ಜೇಬಿನಿಂದ ತನ್ನ ಉಪ್ಪಿನಕಾಯಿ ಬಾಟಲಿ ತೆಗೆದ, ಈ ವರ್ಷವೂ ತಂದಿದ್ದ. ಮುಚ್ಚಳ ಬಿಚ್ಚಲಿಲ್ಲ. ಎದ್ದು ಹೋಗಿ ತುದಿಯ ಖಾಲಿ ಕುರ್ಚಿಯ ಮುಂದೆ, ಮೇಜಿನ ಮೇಲೆ ಇಟ್ಟು ಬಂದ. ಬಂದು ಕುಳಿತು ಪೂರ್ತಿ ಊಟ ಮಾಡಿದ. ನಾನು ಹಂಡೆಯ ಹಬೆಯಲ್ಲಿ ಮುಖ ಮರೆಸಿಕೊಂಡು ಅತ್ತೆ.

ನೇಮತ್ ನಿನ್ನನ್ನು ತುಂಬಾ ನೆನೆಯುತ್ತಾಳೆ. ನನಗೆ ಕೇಳಿಸದ ಹಾಗೆ ನೆನೆಯುತ್ತಾಳೆ, ನನಗೆ ಕೇಳಿಸುತ್ತದೆ. ಮಗನ ಮನೆಯಲ್ಲಿ ನಿನ್ನ ಕೈಗೆ ಕೆಲಸವಿಲ್ಲ ಎಂದೂ ಹೇಳಿದ್ದಾಳೆ. ಬರುವ ರಮ್ಜಾನ್‌ಗೆ ಬಾ. ಹಲಗೆಯ ಮೇಲೆ ಬರೆದದ್ದು ನಿನಗೂ ಸೇರುತ್ತದೆ. ಕಿಟಕಿ ಕೋಣೆಯಲ್ಲಿ ಎರಡು ಹಾಸಿಗೆ ಹಿಡಿಯುತ್ತದೆ, ನಾನು ಅಳೆದು ನೋಡಿದ್ದೇನೆ.

ಆದರೆ ಹೋದ ಸಲ ನೀನು ಮಾಡದೆ ತಪ್ಪಿಸಿಕೊಂಡ ಕೆಲಸ ಒಂದಿದೆ. ಮೊದಲ ವಾರ ಪಾತ್ರೆ ತೊಳೆಯಬೇಕು.

ಬಹೀಗಾ